ಪಬ್ಬಿನಲ್ಲಿ ಸಿಕ್ಕ ಹಿಮ್ಮೇಳ

ನನ್ನೂರು ಹೊಳಲ್ಕೆರೆ ತಾಲ್ಲೂಕಿನ ಹೊರಕೆರೆದೇವಪುರ. ಎಚ್.ಡಿ.ಪುರ ಅಂದರೆ ಬೇಗ ಗೊತ್ತಾಗುತ್ತೆ, ಲಕ್ಷ್ಮೀನರಸಿಂಹಸ್ವಾಮಿ ದೇವಸ್ಥಾನದ ಊರು. ಅಪ್ಪ ಅಲ್ಲಿನ ಭಜನೆ ಮೇಳದಲ್ಲಿ ಹಾರ್ಮೋನಿಯಂ ಬಾರಿಸ್ತಾರೆ. ಅವರ ಪಕ್ಕ ಕೂತೇ ನಾನು ಕೊಳಲು ಕಲಿತದ್ದು. ಈಗ ಬೆಂಗಳೂರಿನಲ್ಲಿ ಹಗಲು ಸಾಫ್ಟ್‌ವೇರ್ ಟೆಸ್ಟಿಂಗ್, ಬಿಡುವಿದ್ದಾಗ ಗೆಳೆಯರ ಜೊತೆ ಜಾನಪದ ಬ್ಯಾಂಡ್.

ಕಳೆದ ಮಾರ್ಚ್‌ನಲ್ಲಿ ಇಂದಿರಾನಗರದ ಪಬ್ಬೊಂದರಿಂದ ಕರೆ ಬಂತು. ಮಾರ್ಚ್ 17 ಐರ್ಲೆಂಡಿನವರ ಸೇಂಟ್ ಪ್ಯಾಟ್ರಿಕ್ಸ್ ಡೇ. "ಬರೀ ಐರಿಷ್ ಹಾಡು, ಎರಡು ಗಂಟೆ, ತಲೆಗೆ ಮೂರು ಸಾವಿರ, ಊಟ ನಮ್ಮದು" ಅಂದರು. ರೂಮಿನ ಬಾಡಿಗೆ ಬಾಕಿ ಇತ್ತು. ಒಪ್ಪಿಕೊಂಡೆ.

ಹತ್ತು ದಿನ ಮೊಬೈಲ್ ಮುಂದಿಟ್ಟುಕೊಂಡು ಕಲಿತೆವು. ಐರಿಷ್ ಟಿನ್ ವಿಸಲ್‌ಗೂ ನನ್ನ ಬಾನ್ಸುರಿಗೂ ಆರೇ ತೂತು. ಜಿ ಶ್ರುತಿಯ ಬಾನ್ಸುರಿಯಲ್ಲಿ ಆರನ್ನೂ ಮುಚ್ಚಿದರೆ ಬರುವುದು ಡಿ ಸ್ವರ, ಮಾಮೂಲಿ ವಿಸಲ್‌ನಲ್ಲೂ ಅದೇ. ಬೆರಳು ಹೊಂದಿಕೊಂಡಿತು. ಆರು ಮಾತ್ರೆಯ ಜಿಗ್ ಅಂತೂ ನಮ್ಮ ಭಜನೆಯ ದಾದ್ರಾದ ದಾಯಾದಿ. ಒಂದೇ ಕಷ್ಟ, ಅಭ್ಯಾಸಬಲದಿಂದ ನಾನು ಸ್ವರ ಎಳೀತಿದ್ದೆ. "ಎಳೀಬೇಡ ಗುರು, ಬೆರಳಲ್ಲಿ ಕುಟ್ಟು" ಅಂತ ಗಿಟಾರಿನವನು ಬೈದೂ ಬೈದೂ ಸುಸ್ತಾದ.

ಆ ರಾತ್ರಿ ಪಬ್ಬು ತುಂಬಿತ್ತು. ಇನ್ನೇನು ಶುರು ಮಾಡಬೇಕು, ಅಪ್ಪನ ಫೋನು.

"ಎಲ್ಲಿದೀಯಪ್ಪಾ? ಏನು ಗದ್ದಲ ಅದು?"

"ಆಫೀಸ್ ಫಂಕ್ಷನ್ ಅಪ್ಪಾ" ಅಂದುಬಿಟ್ಟೆ.

ಕೊಳಲು ಮುಟ್ಟುವ ಮೊದಲು ಕಾಲು ತೊಳೆಯೋ ಮನುಷ್ಯ ಅವರು. ಅದೇ ಕೊಳಲನ್ನು ಬಾರಿಗೆ ತಂದಿದೀನಿ ಅಂತ ಹೇಗೆ ಹೇಳಲಿ?

'ಮಾಲಿ ಮಲೋನ್' ನುಡಿಸಿದಾಗ ಒಂದು ವಿಚಿತ್ರ ಆಯಿತು. ಡಬ್ಲಿನ್ ಬೀದಿಯಲ್ಲಿ ತಳ್ಳುಗಾಡಿ ತಳ್ಳುತ್ತಾ ಚಿಪ್ಪುಮೀನು ಮಾರುವ ಹುಡುಗಿ ಜ್ವರ ಬಂದು ಸಾಯುವ ಹಾಡು ಅದು. ಪಲ್ಲವಿ ಬರುತ್ತಲೇ ಗ್ಲಾಸು ಕೆಳಗಿಟ್ಟು ಅರ್ಧ ಪಬ್ಬು ದನಿಗೂಡಿಸಿತು. ಥೇಟ್ ನಮ್ಮ ಹಿಮ್ಮೇಳ!

ಬಿಡುವಿನಲ್ಲಿ ಐರ್ಲೆಂಡಿನವರೊಬ್ಬರು ಬಂದು ಕೈಕುಲುಕಿದರು. ಪ್ರಾಜೆಕ್ಟ್ ಕೆಲಸಕ್ಕೆ ಬಂದಿದ್ದವರು. "ನಿಮ್ಮ ಕಡೆ ಹಾಡೆಲ್ಲ ಪಬ್ಬಿನಲ್ಲೇ ಹುಟ್ಟಿದ್ದಾ?" ಅಂತ ಕೇಳಿದೆ. ನಕ್ಕರು. ಹಿಂದೆ ಹೆಚ್ಚಾಗಿ ಮನೆಯಲ್ಲೇ, ಅಡುಗೆಮನೆಯ ಒಲೆ ಮುಂದೆ ನುಡಿಸುತ್ತಿದ್ದರಂತೆ. ಎರಡನೇ ಮಹಾಯುದ್ಧದ ನಂತರ ಸಾವಿರಾರು ಜನ ಕೂಲಿಗೆ ಲಂಡನ್ನಿಗೆ ಹೋದರು. ಬಾಡಿಗೆ ಕೋಣೆಯಲ್ಲಿ ಹಾಡಲು ಜಾಗ ಎಲ್ಲಿ? ಪಬ್ಬಿನ ಮೂಲೆ ಹಿಡಿದರು. ಇವತ್ತು ಪ್ರಪಂಚವೆಲ್ಲ ಮೆಚ್ಚುವ ಪಬ್ ಸೆಷನ್ ಬೆಳೆದದ್ದು ಹಾಗೆ, ಊರು ಬಿಟ್ಟವರಿಂದ. "ನನ್ನ ತಾತನೂ ಅಲ್ಲಿ ಗಾರೆ ಕೆಲಸ ಮಾಡಿದವನೇ" ಅಂದರು. ಆಮೇಲೆ ಕೇಳಿದರು, "ನಿಮ್ಮೂರಿನವರು ಈ ಊರಲ್ಲಿ ಎಲ್ಲಿ ಕೂತು ಹಾಡ್ತಾರೆ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ನಮ್ಮೂರಿನ ಹುಡುಗರು ಪೀಣ್ಯದ ಫ್ಯಾಕ್ಟರಿಗಳಲ್ಲಿದ್ದಾರೆ, ಕ್ಯಾಬ್ ಓಡಿಸ್ತಾರೆ. ಶ್ರಾವಣ ಶನಿವಾರಗಳಲ್ಲಿ ನನ್ನ ಜೊತೆ ತಾಳ ಹಾಕಿದವರೇ. ಇಲ್ಲಿ ಸಿಕ್ಕರೆ ಇಎಂಐ ಮಾತಾಡ್ತೀವಿ, ಅಷ್ಟೆ.

ರೂಮಿಗೆ ಬಂದವನೇ ಅಪ್ಪನಿಗೆ ಫೋನು ಮಾಡಿದೆ. ಹನ್ನೊಂದೂವರೆ ಆಗಿತ್ತು. "ಸುಳ್ಳು ಹೇಳಿದೆ ಅಪ್ಪಾ. ಬಾರಲ್ಲಿ ಕೊಳಲು ನುಡಿಸಿದೆ. ದುಡ್ಡು ಕೊಟ್ಟರು" ಅಂದೆ. ಆ ಕಡೆ ತುಂಬಾ ಹೊತ್ತು ಮಾತಿಲ್ಲ. ಬೈಗುಳಕ್ಕೆ ಕಾದೆ.

"ಜನ ಪಲ್ಲವಿ ಹಿಡಿದರಾ?" ಅಂತ ಕೇಳಿದರು.

"ಹಿಡಿದರು ಅಪ್ಪಾ."

"ಹ್ಞೂಂ. ಕೊಳಲು ಒರೆಸಿಡು. ಕುಡುದಿಲ್ಲ ತಾನೆ?"

"ಇಲ್ಲ."

"ಮಲಕ್ಕೋ."

ಅಪ್ಪ ಒಪ್ಪಿದರು ಅಂತ ನಾನು ಹೇಳಲಾರೆ. ಅದಾದ ಮೇಲೆ ಆ ವಿಷಯ ಅವರು ಎತ್ತಿಲ್ಲ. ಆದರೆ ಈಗ ತಿಂಗಳಿಗೊಂದು ಭಾನುವಾರ ಪೀಣ್ಯದಲ್ಲಿ ಗೆಳೆಯನ ರೂಮಿನಲ್ಲಿ ನಾವು ಐದು ಜನ ಸೇರ್ತೀವಿ. ಒಂದು ಕೊಳಲು, ಒಂದು ದಮ್ಮಡಿ, ಎರಡು ಜೊತೆ ತಾಳ. ಸಾಹಿತ್ಯ ಮರೆತಾಗ ಅಪ್ಪನಿಗೆ ಫೋನು ಹಚ್ಚಿ ಸ್ಪೀಕರ್ ಆನ್ ಮಾಡ್ತೀವಿ. ಅವರು ಅಲ್ಲಿಂದಲೇ ಪದ ಹಿಡೀತಾರೆ, ನಾವು ಇಲ್ಲಿಂದ ಹಿಮ್ಮೇಳ.

ಹತ್ತು ಗಂಟೆಗೆ ಸರಿಯಾಗಿ ಓನರ್ ಬಾಗಿಲು ತಟ್ತಾರೆ. ಬೇರೆ ಜಾಗ ಹುಡುಕಬೇಕು.