ಒಂದೇ ಒಲಿ, ಎರಡು ಹಂಚು

ನಮ್ಮ ಸಂಘದ ಲೆಕ್ಕ ಮನಿ ಕಂಪ್ಯೂಟರದಾಗ ಅದ, ಮಗ ಹಾಕಿಕೊಟ್ಟ ಮೈಎಸ್‌ಕ್ಯೂಎಲ್ ಸರ್ವರಿನೊಳಗ. ಹೋದ ಸೋಮವಾರ ಅದು ಚಾಲೂನೇ ಆಗ್ಲಿಲ್ಲ. ಕಲಬುರಗಿದಾಗ ಓದೋ ಮಗಗ ಫೋನ್ ಮಾಡಿದ್ರ, "ಯವ್ವಾ, ಅದು ತಗದು ಹೊಸದಾಗಿ ಹಾಕು" ಅಂದ. ನನ್ನ ಕೈ ಮುಂದ ಹೋಗ್ಲಿಲ್ಲ. ಯಾರು ಎಷ್ಟು ತುಂಬ್ಯಾರ, ಯಾರ ಸಾಲ ಎಷ್ಟು ಉಳದದ, ಎಲ್ಲಾ ಅದರಾಗೇ ಅದ. ಕಳದ್ರ ಅಕ್ಕ-ತಂಗೇರಿಗಿ ಏನಂತ ಹೇಳ್ಲಿ?

ಮೊದಲ 'ಡೇಟಾ' ಫೋಲ್ಡರ್ ಪೂರಾ ಪೆನ್‌ಡ್ರೈವಿಗಿ ಕಾಪಿ ಮಾಡಿದೆ. ಆಮ್ಯಾಲ ಅದರಾಗಿನ 'ಡಾಟ್ ಇ ಆರ್ ಆರ್' ಅಂತ ಮುಗಿಯೋ ಫೈಲು ನೋಟ್‌ಪ್ಯಾಡದಾಗ ತೆರದು ಕಡೀ ಸಾಲು ಓದಿದೆ. 3306 ನಂಬರಿನ ಪೋರ್ಟ್ ಬ್ಯಾರೆ ಸರ್ವರ್ ಹಿಡದದೇನು ಅಂತ ಕೇಳಿತ್ತು. ಆಗ ನೆಪ್ಪಾತು: ರಜಾಕ್ಕ ಬಂದಾಗ ಮಗ ಕಾಲೇಜ್ ಕೆಲಸಕ್ಕಂತ ಇನ್ನೊಂದು ಸರ್ವರ್ ಹಾಕಿದ್ದ. ಕಂಪ್ಯೂಟರ್ ಚಾಲೂ ಆದ ಕೂಡ್ಲೆ ಅದೇ ಮೊದಲ ಎದ್ದು ಜಾಗ ಹಿಡಿತಿತ್ತು. ಒಂದೇ ಒಲಿಮ್ಯಾಲ ಎರಡು ಹಂಚು ಹೆಂಗ ಕೂಡ್ತಾವ್ರಿ?

'ಸರ್ವಿಸಸ್' ತೆರದು ಹೊಸದು ನಿಲ್ಲಿಸಿ, ಹಳೇದು ಚಾಲೂ ಮಾಡಿದೆ. ಲೆಕ್ಕ ಎಲ್ಲಾ ಇದ್ದಂಗೇ ಇತ್ತು. ಶನಿವಾರ ಮಗ ಬಂದು ಹೊಸದಕ್ಕ 3307 ಕೊಟ್ಟ. ಈಗ ಎರಡೂ ನಡೀತಾವ. ನಾ ವಾರಕ್ಕೊಮ್ಮೆ ಸರ್ವರ್ ನಿಲ್ಲಿಸಿ ಕಾಪಿ ತಗೀತೀನಿ.

ತಗದು ಒಗ್ಯೋದು ಸಸಾರ ಅದ ಅಕ್ಕಗೋಳಾ. ಅದಕ್ಕ ಮೊದಲ ಏನು ಬರದದ ಅಂತ ಒಮ್ಮೆ ಓದ್ರಿ.