ಶೂ ಬದಲು ಡಬ್ಬಿ

ಸ್ಪೈಕ್ಸ್ ಶೂಗೆಂದು ಅಬ್ಬಾ ಕೊಟ್ಟ ದುಡ್ಡಿಗೆ ಈದಿ ಸೇರಿಸಿ ಬೀದರಿನಲ್ಲಿ ಒಂದು ಬಿಸಿಎಎ ಡಬ್ಬಿ ಕೊಂಡೆ. 1,800 ರೂಪಾಯಿ. ಕುಡಿದರೆ 400 ಮೀಟರ್ ಓಟದಲ್ಲಿ ದಣಿವೇ ಆಗುವುದಿಲ್ಲ ಎಂದು ಜಿಮ್‌ನ ಅಣ್ಣಂದಿರು ಹೇಳಿದ್ದರು. ಭಾಲ್ಕಿಯಲ್ಲಿ ಹಳೆಯ ಶೂನಲ್ಲೇ ಓಡಿದೆ. ಐದನೆಯವನಾಗಿ ಬಂದೆ.

ಆಮೇಲೆ ಡಬ್ಬಿಯ ಚೀಟಿ ಓದಿದೆ. ಲ್ಯೂಸಿನ್, ಐಸೋಲ್ಯೂಸಿನ್, ವ್ಯಾಲಿನ್. ಮೂರೇ! ದೇಹ ತಾನೇ ತಯಾರಿಸಲಾರದ ಅಮೈನೋ ಆಮ್ಲಗಳು 9, ಸ್ನಾಯು ಕಟ್ಟಲು ಅಷ್ಟೂ ಬೇಕು ಎಂದು ವಿಜ್ಞಾನ ವಿಭಾಗದ ಗೆಳೆಯ ನಕ್ಕ. ಮೊಟ್ಟೆಯಲ್ಲಿ ಒಂಬತ್ತೂ ಇವೆ. ಜೋಳದಲ್ಲಿ ಲೈಸಿನ್ ಕಡಿಮೆ, ತೊಗರಿಬೇಳೆಯಲ್ಲಿ ಧಾರಾಳ. ಔರಾದಿನ ನಾನಿ ರೊಟ್ಟಿ ಜೊತೆ ದಾಲ್ ಬಡಿಸಿ ದಿನಾ ಈ ಲೆಕ್ಕ ಸರಿದೂಗಿಸುತ್ತಾರೆ. ಅಕೌಂಟೆನ್ಸಿ ಓದುವ ನನಗೆ ಹೊಳೆಯಲಿಲ್ಲ.

ಅಮೈನೋ ಆಮ್ಲಕ್ಕೆ ನಿಷೇಧವಿಲ್ಲ, ನಿಜ. ಆದರೆ ಪೂರಕಗಳಲ್ಲಿ ಬೇರೇನು ಬೆರೆತಿದೆಯೋ? ನಮ್ಮ ಕರ್ನಾಟಕದ ಅಶ್ವಿನಿ ಅಕ್ಕುಂಜಿ 2010ರ ಏಷ್ಯನ್ ಗೇಮ್ಸ್‌ನಲ್ಲಿ ಎರಡು ಚಿನ್ನ ಗೆದ್ದವರು. 2011ರಲ್ಲಿ ಪರೀಕ್ಷೆಯಲ್ಲಿ ಸ್ಟೀರಾಯ್ಡ್ ಸಿಕ್ಕಿತು. ಕೋಚ್ ಕೊಟ್ಟ ಜಿನ್ಸೆಂಗ್‌ನಿಂದ ಬಂದದ್ದು ಎಂದು ವಾದಿಸಿದರು. ಆದರೂ ಎರಡು ವರ್ಷ ನಿಷೇಧವಾಯಿತು.

ಡಬ್ಬಿ ಇನ್ನೂ ಅರ್ಧ ಉಳಿದಿದೆ. ನಿನ್ನೆ ಅಬ್ಬಾ, ಹೊಸ ಶೂ ತೋರಿಸು ಬೇಟಾ ಎಂದರು.