ಖಾಲಿ ಗೋಡೌನಿಗೂ ಬಾಡಿಗೆ

ನೀವು ಫೋನಿನಲ್ಲಿ ಓದುವ ನಮ್ಮ ಬರಹ, ಕೇಳುವ ಆಡಿಯೋ ಎಲ್ಲ ಇರುವುದು ಬಾಡಿಗೆ ಕಂಪ್ಯೂಟರಿನಲ್ಲಿ. ಅದನ್ನೇ ಕ್ಲೌಡ್ ಅನ್ನುತ್ತಾರೆ. ಹೆಸರು ಮೋಡದ್ದಾದರೂ ಯಂತ್ರಗಳಿರುವುದು ನೆಲದ ಮೇಲೇ. ನಾವು ಬಳಸುವ ಎಡಬ್ಲ್ಯುಎಸ್ 2016ರಲ್ಲಿ ಮುಂಬೈನಲ್ಲಿ, 2022ರಲ್ಲಿ ಹೈದರಾಬಾದಿನಲ್ಲಿ ತನ್ನ ಕೇಂದ್ರ ತೆರೆಯಿತು. ನೆಲಮಂಗಲದ ಹೆದ್ದಾರಿ ಬದಿಯ ಗೋಡೌನುಗಳನ್ನು ನೆನೆಸಿಕೊಳ್ಳಿ. ಒಳಗೆ ಸರಕು ಇರಲಿ ಬಿಡಲಿ, ಬಾಡಿಗೆ ಕಟ್ಟಲೇಬೇಕು. ಇದೂ ಹಾಗೆಯೇ.

ನಮ್ಮ ಬಳಗಕ್ಕೆ ಜಾಹೀರಾತಿಲ್ಲ. ಬಿಲ್ಲಿನ ದುಡ್ಡನ್ನು ನಾವೇ ಹಂಚಿ ಹಾಕುತ್ತೇವೆ. ಅಲ್ಲಿ ಉಳಿದದ್ದೇ ಹೊಸಕೋಟೆಯಿಂದ ದೊಡ್ಡಬಳ್ಳಾಪುರದ ಕಡೆಗೆ ಸುದ್ದಿಗೆ ಹೋಗಿಬರುವ ಖರ್ಚು. ಅದಕ್ಕೇ ತಿಂಗಳಿಗೊಮ್ಮೆ ಕೂತು, ಕೆಲಸವಿಲ್ಲದೆ ಬಿದ್ದಿರುವುದನ್ನು ಹುಡುಕುತ್ತೇವೆ.

ಹುಡುಕುವುದಕ್ಕೆ ಫಿಲ್ಟರ್ ಇದೆ. ರಾಗಿಯನ್ನು ಜರಡಿ ಹಿಡಿದ ಹಾಗೆ. ಮೊದಲ ಜರಡಿ ಡಿಸ್ಕಿಗೆ. 'ಅವೈಲಬಲ್' ಎಂದು ಫಿಲ್ಟರ್ ಹಾಕಿದರೆ ಯಾವ ಸರ್ವರಿಗೂ ಜೋಡಿಸದ ಡಿಸ್ಕುಗಳಷ್ಟೇ ಕಾಣುತ್ತವೆ. ಸರ್ವರ್ ನಿಲ್ಲಿಸಿದರೆ ಅದರ ಬಾಡಿಗೆ ನಿಲ್ಲುತ್ತದೆ, ಡಿಸ್ಕಿನದು ನಿಲ್ಲುವುದಿಲ್ಲ. ಎರಡನೆಯದು ಐಪಿ ವಿಳಾಸ. 2024ರ ಫೆಬ್ರುವರಿ 1ರಿಂದ ಪ್ರತಿ ಸಾರ್ವಜನಿಕ ಐಪಿವಿ4 ವಿಳಾಸಕ್ಕೂ, ಬಳಸಿದರೂ ಬಳಸದಿದ್ದರೂ, ಗಂಟೆಗೆ ಅರ್ಧ ಸೆಂಟ್. ತಿಂಗಳಿಗೆ ಅದು 300 ರೂಪಾಯಿ ದಾಟುತ್ತದೆ. ಮೂರನೆಯದು ಸರ್ವರ್. ಎಡಬ್ಲ್ಯುಎಸ್‌ನ ಸಲಹೆ ಪುಟದ ಅಳತೆಯನ್ನೇ ನಾವು ಇಟ್ಟುಕೊಂಡಿದ್ದೇವೆ: ಹಿಂದಿನ 14 ದಿನಗಳಲ್ಲಿ ಕನಿಷ್ಠ 4 ದಿನ ಸಿಪಿಯು ಬಳಕೆ ಶೇ. 10 ದಾಟದೆ, ನೆಟ್‌ವರ್ಕಿನ ಓಡಾಟ 5 ಎಂಬಿ ಮೀರದೆ ಇದ್ದರೆ ಆ ಸರ್ವರ್ ಪಟ್ಟಿಗೆ ಸೇರುತ್ತದೆ. ಈ ಪುಟಗಳು ಒಂದು ಸಲಕ್ಕೆ ಒಂದೇ ಊರಿನ ಲೆಕ್ಕ ತೋರಿಸುತ್ತವೆ. ಮುಂಬೈ ನೋಡಿದ ಮೇಲೆ ಹೈದರಾಬಾದಿಗೆ ಬದಲಿಸಿ ಅದನ್ನೂ ನೋಡಬೇಕು.

ಆದರೆ ಜರಡಿಗೆ ಗಾತ್ರವಷ್ಟೇ ಗೊತ್ತು, ಬೆಲೆ ಗೊತ್ತಿಲ್ಲ. ಡೇಟಾಬೇಸ್ ಸರ್ವರಿನ ಸಿಪಿಯು ಸುಮ್ಮನಿದ್ದರೂ ಮೆಮೊರಿ ತುಂಬಿರಬಹುದು. ಅದರ ಲೆಕ್ಕ ಬೇರೆ ಸಾಫ್ಟ್‌ವೇರ್ ಹಾಕದೆ ಕಾಣುವುದಿಲ್ಲ.

ಕಳೆದ ಸಲದ ಪಟ್ಟಿಯಲ್ಲಿ ಹೆಸರಿಲ್ಲದ ಒಂದು ಡಿಸ್ಕ್ ಬಂತು. ಅಳಿಸಿಬಿಡೋಣ ಎಂದು ಕೆಲವರು, ಒಮ್ಮೆ ತೆರೆದು ನೋಡೋಣ ಎಂದು ಕೆಲವರು. ತೆರೆದೆವು. ದೊಡ್ಡಬಳ್ಳಾಪುರದ ಮಗ್ಗದ ಮನೆಗಳಲ್ಲಿ ಮಾಡಿದ ರೆಕಾರ್ಡಿಂಗ್ ಅದು. ಪವರ್‌ಲೂಮಿನ ಸದ್ದಿನ ನಡುವೆ ಒಬ್ಬ ಅಜ್ಜಿ ನೂಲು ಸುತ್ತುತ್ತಾ ತಮ್ಮ ಕಾಲದ ಕೂಲಿಯ ಲೆಕ್ಕ ಹೇಳುತ್ತಿದ್ದರು. ಆ ಅಜ್ಜಿ ಈಗಿಲ್ಲ. ಮನೆಯವರ ಹತ್ತಿರ ಫೋಟೋ ಇತ್ತು, ದನಿ ಇರಲಿಲ್ಲ.

ಫಿಲ್ಟರ್ ಹೇಳಿದ್ದು ಸುಳ್ಳಲ್ಲ; ಆ ಡಿಸ್ಕನ್ನು ಬಹಳ ದಿನದಿಂದ ಯಾರೂ ಮುಟ್ಟಿರಲಿಲ್ಲ. ಫೈಲುಗಳನ್ನು ಅಪರೂಪಕ್ಕೆ ತೆಗೆಯುವಂಥವನ್ನು ಇಡುವ ಅಗ್ಗದ ಜಾಗಕ್ಕೆ ಸಾಗಿಸಿದೆವು. ಒಂದು ಪ್ರತಿಯನ್ನು ಪೆನ್‌ಡ್ರೈವಿನಲ್ಲಿ ಅಜ್ಜಿಯ ಮಗನಿಗೆ ಕೊಟ್ಟೆವು. ಡಿಸ್ಕ್ ಅಳಿಸಿದ್ದು ಆಮೇಲೆಯೇ. ಈಗ ಪ್ರತಿಯೊಂದಕ್ಕೂ ಟ್ಯಾಗ್ ಎಂಬ ಚೀಟಿ ಅಂಟಿಸುತ್ತೇವೆ: ಯಾರದು, ಯಾತಕ್ಕೆ, ಯಾವತ್ತಿನವರೆಗೆ. ಚೀಟಿ ಇಲ್ಲದವನ್ನೂ ಫಿಲ್ಟರೇ ಹೆಕ್ಕಿ ಕೊಡುತ್ತದೆ.

ನಿಮ್ಮ ಫೋನಿನಲ್ಲೂ ಇದನ್ನು ಮಾಡಬಹುದು. ವಾಟ್ಸಾಪಿನ ಸ್ಟೋರೇಜ್ ಪುಟ 5 ಎಂಬಿಗಿಂತ ದೊಡ್ಡ ಫೈಲುಗಳನ್ನು ಬೇರೆ ಮಾಡಿ ತೋರಿಸುತ್ತದೆ. ಗುಡ್ ಮಾರ್ನಿಂಗ್ ವಿಡಿಯೋಗಳನ್ನು ಧಾರಾಳವಾಗಿ ಅಳಿಸಿ. ಮನೆಯ ಹಿರಿಯರು ಕಳಿಸಿದ್ದನ್ನು ಮಾತ್ರ ಒಮ್ಮೆ ಕೇಳಿ, ಆಮೇಲೆ ತೀರ್ಮಾನ ಮಾಡಿ.